ಚಿಲ್ಲರೆ ಬಾಕಿ

ಮುಂದಿನ ಬಾಗಿಲು ಹೆಂಗಸರಿಗೆ, ಹಿಂದಿನದು ಗಂಡಸರಿಗೆ
ಎಂದು ಇಪ್ಪತ್ತಾರು ವರ್ಷ ಕೂಗಿದವನು ನಾನು.
ನಿದ್ದೆಯಲ್ಲೂ ಜನರನ್ನು ಎರಡು ಪಾಲು ಮಾಡುತ್ತಿದ್ದೆನಂತೆ,
ಹೆಂಡತಿ ಹೇಳುತ್ತಾಳೆ.

ಅಂಥವನ ಎದುರಿಗೆ, ಒಂದು ರಾತ್ರಿ, ಮುದ್ದೆ ಮುರಿಯುವಾಗ:
"ಅಪ್ಪ, ನಾನು ಮಗ ಅಲ್ಲ, ಮಗಳು.
ಹೆಸರು ಐಸಿರಿ."
ನಾನು ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು.
ಕೈ ತೊಳೆದೆ. ಹನ್ನೊಂದು ತಿಂಗಳು
ಆ ತಟ್ಟೆಯ ಮುಂದಿನಿಂದ ಏಳುತ್ತಲೇ ಇದ್ದೆ.

ಯಾರಿಗೆ ಹೇಳಲಿ?
ಡಿಪೋದಲ್ಲಿ ಬಾಯಿಬಿಟ್ಟರೆ ಸುದ್ದಿ
ಸಂಜೆಯೊಳಗೆ ಸುಂಕದಕಟ್ಟೆಯಿಂದ ಹೊಸಕೋಟೆವರೆಗೆ
ಸ್ಟಾಪು ಸ್ಟಾಪಿನಲ್ಲೂ ಇಳಿಯುತ್ತದೆ.
ಅಕ್ಕನಿಗೆ ಹೇಳಿದೆ. ತಾಯಿತ ಕಟ್ಟಿಸು ಅಂದಳು.
ಮಾಡಿಸಿ ತಂದೆ, ಅದನ್ನೂ ಒಪ್ಪಿಕೊಳ್ಳುತ್ತೇನೆ,
ದಿಂಬಿನ ಕೆಳಗೆ ಕಳ್ಳನ ಹಾಗೆ ಇಟ್ಟೆ.
ಬೆಳಿಗ್ಗೆ ಅದು ನನ್ನ ಕಾಕಿ ಜೇಬಿನಲ್ಲಿ ಕಿಣಿಗುಟ್ಟಿತು
ಎರಡು ರೂಪಾಯಿ ನಾಣ್ಯಗಳ ನಡುವೆ,
ಯಾರೋ ಚಿಲ್ಲರೆ ವಾಪಸು ಕೊಟ್ಟ ಹಾಗೆ.

ಆಷಾಢದ ಒಂದು ಮಂಗಳವಾರ, ಆರು ಹತ್ತರ ಟ್ರಿಪ್ಪು.
ಎತ್ತರದ ಹುಡುಗಿ, ಕೈಯಲ್ಲಿ ಆಧಾರ್,
ಅದರಲ್ಲಿ ಮೀಸೆ ಚಿಗುರಿದ ಹುಡುಗ.
ಹಿಂದಿನಿಂದ ಯಾರೋ ಸಿಳ್ಳೆ ಹೊಡೆದ.
ಶೂನ್ಯ ದರದ ಟಿಕೆಟು ಕೊಟ್ಟು "ಕೂತ್ಕೊಳ್ಳಮ್ಮ" ಅಂದೆ.
ಆ ಅಮ್ಮ ನನ್ನ ಬಾಯಿಂದಲೇ ಬಂತೇ?
ಕೈ ನಡುಗಿ ಮಷೀನು ಇನ್ನೆರಡು ಟಿಕೆಟು ಉಗುಳಿತು.

ಕಿಟಕಿ ಪಕ್ಕದ ನರ್ಸು ಫಿಲೋಮಿನಾ, ದಿನಾ ಬರುವವರು,
ನನ್ನ ಮುಖ ನೋಡಿ ಕೇಳಿದರು: "ಮನೇಲಿ?"
ತಲೆಯಾಡಿಸಿದೆ.
"ನಮ್ಮನೇಲೂ" ಅಂದರು, ಅಷ್ಟೇ.
ನಾನು ಬಾಕಿ ಬರೆಯುವ ಜಾಗದಲ್ಲಿ, ಟಿಕೆಟಿನ ಬೆನ್ನಿಗೆ,
ನನ್ನದೇ ಪೆನ್ನಿನಿಂದ ಬರೆದರು:
ಚಾಮರಾಜಪೇಟೆ, ಹಿಟ್ಟಿನ ಗಿರಣಿ ಮೇಲೆ,
ಎರಡನೇ ಭಾನುವಾರ, ನಾಲ್ಕು ಗಂಟೆ.

ಮೆಟ್ಟಿಲ ಮೇಲೆಲ್ಲ ರಾಗಿ ಹಿಟ್ಟು.
ಒಂಬತ್ತು ಕುರ್ಚಿ, ಹತ್ತು ಜನ, ಒಬ್ಬರು ಕಿಟಕಿ ಕಟ್ಟೆಗೆ.
ಗಿರಣಿ ತಿರುಗುವಾಗ ಯಾರ ಮಾತೂ ಕೇಳದು;
ಅಳುವವರು ಆಗ ಅತ್ತುಬಿಡುತ್ತಾರೆ.
ಮಿಕ್ಸಿ ರಿಪೇರಿಯ ಫಕ್ರುದ್ದೀನ್ ಸಾಹೇಬರು
"ನಮ್ಮ ಮಗು ಹೊಸ ಕೆಲಸಕ್ಕೆ ಸೇರಿತು" ಎಂದರು.
ಮಗುವಿಗೆ ಇಪ್ಪತ್ತೇಳು ವರ್ಷ.
ಅಲ್ಲಿ ಎಲ್ಲರೂ ಮಗು ಎಂದೇ ಅನ್ನುವುದು:
ಮಗು ಬಂತು, ಮಗು ಹೋಯಿತು, ಮಗು ಊಟ ಬಿಟ್ಟಿದೆ.
ನಾಲಿಗೆ ಹೊರಳುವವರೆಗೆ
ಆ ಪದದ ನೆರಳಲ್ಲಿ ನಿಂತಿರುತ್ತೇವೆ,
ಬಸ್ಸು ಕಾಯುವವರ ಹಾಗೆ.
"ಸಾಕು ರೀ ಮಗು ಮಗು" ಗದರಿದರು
ಕೋರ್ಟಿನಲ್ಲಿ ಬೆರಳಚ್ಚು ಮಾಡಿ ನಿವೃತ್ತರಾದ ಪಂಕಜಾಕ್ಷಿ,
"ಬಾರೋ ಬಿಡಿ, ಬಾರೇ ಅನ್ನಿ.
ಒಂದು ಏಕಾರಕ್ಕೂ ಬಡತನವೇ?"
ಬಾಗಿಲ ಬಳಿ ಒಬ್ಬ, ಹೆಲ್ಮೆಟ್ಟು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದ.
ಹೆಂಡತಿ ಎಳೆದು ತಂದಿದ್ದಳಂತೆ. ಕಾಫಿ ಮುಟ್ಟಲಿಲ್ಲ.
ಮೆಟ್ಟಿಲಿಳಿಯುವಾಗ ನನ್ನನ್ನು ಕೇಳಿದ,
"ಮುಂದಿನ ತಿಂಗಳು ಬರ್ತೀರಾ?"

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು.
ಐಸಿರಿ ಬಾಗಿಲಲ್ಲೇ ಇದ್ದಳು.
"ಇದೇನಪ್ಪ, ಕಾಲೆಲ್ಲ ಹಿಟ್ಟು?"
"ರಾಗಿ ಬೀಸಿಸೋಕೆ ಹೋಗಿದ್ದೆ ಕಣೇ."

ಚೀಲವಿರಲಿಲ್ಲ. ಕೈ ಎರಡೂ ಖಾಲಿ.
ಅವಳು ಕೈ ನೋಡಲಿಲ್ಲ.
ಆ ಕೊನೆಯ ಅಕ್ಷರವನ್ನೇ ನೋಡುತ್ತ ನಿಂತಳು.
ಅದಿನ್ನೂ ನನ್ನ ತುಟಿಯ ಮೇಲೆ ಅಂಟಿತ್ತೇನೋ,
ಹಿಟ್ಟಿನ ಹಾಗೆ.