ಯಾರೂ ಖೋ ಕೊಡುವುದಿಲ್ಲ

ಆರೂವರೆಗೆ ಮಂಡಕ್ಕಿ ಭಟ್ಟಿಗಳ ಹೊಗೆ
ಇನ್ನೂ ನೆಲ ಬಿಟ್ಟು ಎದ್ದಿರುವುದಿಲ್ಲ.
ಅದರೊಳಗೇ ಸುಣ್ಣದ ಡಬ್ಬಿ ಹಿಡಿದು
ಹಿಂದೆ ಹಿಂದೆ ನಡೆಯುತ್ತ ಗೆರೆ ಬಿಡುತ್ತೇನೆ.
ಎಂಟು ಗೆರೆ, ಏಳು ದಾರಿ.
ಐದನೆಯದು ಬೇವಿನ ಬೇರಿಗೆ ತಾಗಿ ಸೊಟ್ಟ.
ಅದನ್ನು ಯಾರಿಗೆ ಕೊಡಲಿ ಎಂದು ದಿನವೂ ಯೋಚನೆ.

ಹದಿಮೂರು ವರ್ಷ ಖೋಖೋ ಕಲಿಸಿದವಳು ನಾನು.
ಈ ಸಲ ಬಿಇಒ ಕಚೇರಿಯ ಪತ್ರ:
ವೈಯಕ್ತಿಕ ಸ್ಪರ್ಧೆಗಳಿಗೂ ಮಕ್ಕಳನ್ನು ತಯಾರು ಮಾಡತಕ್ಕದ್ದು.
ವೈಯಕ್ತಿಕ.
ನೀರು ಕುಡಿಯಲೂ ಇಬ್ಬರಿಬ್ಬರಾಗಿ ಹೋಗುವ
ಎಂಟನೇ ಕ್ಲಾಸಿಗೆ ಈ ಮಾತನ್ನು
ಹೇಗೆ ಬಿಡಿಸಿ ಹೇಳುವುದು?

ಶಾಟ್‌ಪುಟ್ ಇದೆ, ಒಂದೇ ಒಂದು.
ಇಷ್ಟು ದಿನ ಲ್ಯಾಬಿನ ಬಾಗಿಲು ಬಡಿಯದಂತೆ
ಒತ್ತು ಕೊಟ್ಟು ಕೂತಿತ್ತು.
ಜಾವೆಲಿನ್ನಿಗೆ ಬಿದಿರು.
ಉದ್ದಜಿಗಿತದ ಗುಂಡಿಗೆ ಮರಳು ಕೇಳಿದರೆ
ಹೆಡ್ಮಾಸ್ಟರು ಫ್ಯಾನ್ ನೋಡಿದರು.
ದುರುಗೇಶನ ಅಪ್ಪ ಭಟ್ಟಿಯಿಂದ
ಹದಿನಾಲ್ಕು ಚೀಲ ಭತ್ತದ ಹೊಟ್ಟು ಕಳಿಸಿದ.
ಈಗ ಜಿಗಿದವರೆಲ್ಲ ಮೈತುಂಬ ಹೊಟ್ಟು ಹೊತ್ತು
ತುರಿಸಿಕೊಳ್ಳುತ್ತ ತುರಿಸಿಕೊಳ್ಳುತ್ತ
ಸಮಾಜ ವಿಜ್ಞಾನ ಕೇಳುತ್ತಾರೆ.

"ಎಸೀಬ್ಯಾಡ ದುರುಗೇಶ, ದೂಡು.
ಕುತ್ತಿಗೆಗೆ ಆನಿಸು. ದೂಡೋದು ಕೈಯಲ್ಲ, ಹಿಮ್ಮಡಿ.
ಕೆಸರಾಗೆ ಗಾಡಿ ಸಿಕ್ಕಂಡಾಗ ಹೆಂಗ ದೂಡ್ತೀಯ, ಹಂಗ."
ಗಾಡಿ ದೂಡಿ ಗೊತ್ತಿದ್ದವನು. ತಿಳಿಯಿತು.
ಗುಂಡು ಬಿದ್ದಲ್ಲಿ ಒಂದು ಗುಳಿ.
ಮಧ್ಯಾಹ್ನ ಊಟದ ಹೊತ್ತಿಗೆ ಅವನು
ಅದನ್ನೇ ನೋಡುತ್ತ ನಿಂತಿದ್ದ, ಒಬ್ಬನೇ.

ತಬಸ್ಸುಮ್.
ನಮ್ಮ ತಂಡದ ಅತಿ ಚುರುಕಿನ ಬೆನ್ನು ಅವಳದು.
ಬೆರಳು ತಾಗಿತೋ ಇಲ್ಲವೋ
ಎದ್ದು ಕಂಬ ಸುತ್ತಿ ಮುಗಿದಿರುತ್ತಿತ್ತು.
ನಾಲ್ಕನೇ ದಾರಿಯಲ್ಲಿ ಕೂರಿಸಿದೆ.
ಬೆರಳು ಗೆರೆಯ ಹಿಂದೆ, ಸೊಂಟ ಮೇಲೆ, ಕಣ್ಣು ನೆಲಕ್ಕೆ.
ಎರಡು ಹಲಗೆ ಬಡಿದೆ. ಫಟ್.
ಆರು ಜನ ಹೊಗೆಯೊಳಗೆ ಹೋದರು.
ಇವಳು ಇದ್ದಲ್ಲೇ ಇದ್ದಾಳೆ,
ಬೆನ್ನು ಬಿಗಿದುಕೊಂಡು.
"ಯಾಕವ್ವಾ?"
"ಯಾರೂ ಮುಟ್ಲಿಲ್ಲ ಟೀಚರ್."

ಎಲ್ಲರೂ ನಕ್ಕರು. ಅವಳೂ ನಕ್ಕಳು, ತುಸು ತಡವಾಗಿ.
ನನಗೆ ನಗು ಬರಲಿಲ್ಲ.
ಹದಿಮೂರು ವರ್ಷ ಕಲಿಸಿದ್ದು ಇದನ್ನೇ ಅಲ್ಲವೇ,
ಮುಟ್ಟುವ ತನಕ ಏಳಬೇಡ.

ಮಾರನೆ ದಿನ ಅವಳೊಬ್ಬಳನ್ನೇ ಬರಹೇಳಿದೆ.
ಅತ್ತಿತ್ತಲ ದಾರಿಗಳೆಲ್ಲ ಖಾಲಿ.
"ನೋಡು, ಇಲ್ಲಿ ಔಟ್ ಮಾಡೋಕೆ ಯಾರೂ ಇಲ್ಲ.
ತಪ್ಪಿಸಿಕೊಳ್ಳೋಕೂ ಯಾರಿಲ್ಲ.
ಸೋತರೆ ಬಯ್ಯೋಕೆ ಪಕ್ಕದಾಕೆ ಇಲ್ಲ."
"ಮತ್ತ ಯಾಕ ಓಡಬೇಕು ಟೀಚರ್?"

ಕೈಪಿಡಿಯಲ್ಲಿ ಈ ಪ್ರಶ್ನೆಗೆ ಪುಟ ಇಲ್ಲ.
ಸರ್ಕಲ್ಲಿನ ಅಳತೆ ಇದೆ,
ಜಿಗಿಯುವ ಹಲಗೆಯ ಅಗಲ
ಇಪ್ಪತ್ತು ಸೆಂಟಿಮೀಟರ್ ಎಂದಿದೆ.
"ಓಡಿ ನೋಡು," ಅಂದೆ,
"ಗೊತ್ತಾದ್ರೆ ನನಗೂ ಹೇಳು."

ಹಲಗೆ ಎತ್ತಿದೆ.
ಬಡಿಯುವ ಮೊದಲೇ ಕೇಳಿಸಿತು,
ಹಲ್ಲಿನ ಸಂದಿಯಿಂದ, ತನಗೆ ತಾನೇ, ಸಣ್ಣಗೆ:
ಖೋ.

ಹೊರಟೇಬಿಟ್ಟಳು.
ನಿಯಮದ ಪ್ರಕಾರ ತಪ್ಪು, ಸೀಟಿ ಊದಬೇಕು.
ಸೀಟಿ ತುಟಿಯಲ್ಲೇ ಇತ್ತು.
ಹಲಗೆ ಹಿಡಿದ ಕೈಗಳು ಅಗಲಿಸಿದ ಹಾಗೇ ಉಳಿದವು,
ಯಾರನ್ನೋ ತಬ್ಬಲು ಹೋಗಿ ನಿಂತಂತೆ.
ಕೊನೆಯ ಗೆರೆ ದಾಟಿದರೂ ನಿಲ್ಲದೆ
ಕಾಂಪೌಂಡಿನ ತನಕ ಹೋಗಿ
ಗೋಡೆಗೆ ಎರಡೂ ಅಂಗೈ ಊರಿದಳು.

"ಎಷ್ಟಾತು ಟೀಚರ್?" ಅಲ್ಲಿಂದಲೇ ಕೂಗಿದಳು.
ಸ್ಟಾಪ್‌ವಾಚ್ ಒತ್ತುವ ದುರುಗೇಶ
ಇನ್ನೂ ಬಂದಿರಲಿಲ್ಲ.

ಗೆರೆಯ ಬಳಿ ಬಗ್ಗಿದೆ.
ಮಣ್ಣಿನಲ್ಲಿ ಹತ್ತು ಬೆರಳ ಗುರುತು,
ಒಂದು ಹೆಬ್ಬೆರಳು ಸುಣ್ಣ ಮುಟ್ಟಿದೆ.
ಅದು ಕೂಡದು.
ನಾಳೆ ಹೇಳಬೇಕು.