ಅರ್ಥ

ನಿನ್ನೆ ರಾತ್ರಿ ಕಡಿಯಾಳಿ ಶಾಲೆಯ ಜಗಲಿಯಲ್ಲಿ
ವಾಸು ಶೇರಿಗಾರರು ಗೆದ್ದರು.
ತಾಳಮದ್ದಳೆಗೆ ವೇಷವೆಂತದು? ಇಸ್ತ್ರಿ ಮಾಡಿದ ಪಂಚೆ,
ಹೆಗಲಿಗೊಂದು ಶಾಲು, ಎದುರಿಗೆ ಲೋಟ ಬಿಸಿನೀರು.
ಸಿಕ್ಕಿದ್ದು ಸುಮ್ಮನೆ ಕೂತ ಆ ಹಿರಿಯನ ಪಾತ್ರ.
ಹೆಣ್ಣೊಬ್ಬಳು ನಡುಸಭೆಯಲ್ಲಿ ನಿಂತು ಪ್ರಶ್ನೆ ಕೇಳುತ್ತಾಳೆ,
ಉತ್ತರ ಗೊತ್ತಿದ್ದವನು ನೆಲ ನೋಡುತ್ತಾನೆ.
ಭಾಗವತರು ಪದ ಎತ್ತಿ ಇಳಿಸಿದ ಮೇಲೆ
ಶೇರಿಗಾರರು ಮುಕ್ಕಾಲು ಗಂಟೆ ಮಾತಾಡಿದರು.
ಉಂಡ ಅನ್ನದ ಋಣ ಎಂದರು,
ಕೊಟ್ಟ ಮಾತಿನ ಭಾರ ಎಂದರು,
ಅಬ್ಬ, ಸುಮ್ಮನಿರುವುದಕ್ಕೆ ಎಷ್ಟು ಚಂದದ ಮಾತು!
ಹೆಣ್ಣಿನ ಅರ್ಥ ಹೇಳಿದ ಕಾಲೇಜು ಮೇಷ್ಟ್ರು
ಕೊನೆಗೆ ಕೈಮುಗಿದುಬಿಟ್ಟರು.
ಚಪ್ಪಾಳೆ. ಅವಲಕ್ಕಿ, ಚಹಾ. ಮನೆ ಮುಟ್ಟುವಾಗ ಎರಡೂವರೆ.

ಬೆಳಿಗ್ಗೆ ಹತ್ತಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು
ಮರದ ಬುಡದಲ್ಲಿ ಅವರ ಮೇಜು,
ಪಕ್ಕದಲ್ಲಿ ನನ್ನ ಟೈಪು ಮೆಷಿನ್ನು.
ಇಪ್ಪತ್ತು ವರ್ಷದಿಂದ ಅವರು ಹೇಳುವುದು, ನಾನು ಕುಟ್ಟುವುದು:
ಸದರಿ, ಚಕ್ಕುಬಂದಿ, ಕುಳ ಸಹಿತ ಯಾವತ್ತೂ,
‘ನನ್ನ ಸ್ವಂತ ಖುಷಿಯಿಂದ, ಯಾರ ಒತ್ತಾಯವೂ ಇಲ್ಲದೆ’.
ಆ ಸಾಲು ಬಂದರೆ ಬೆರಳು ಕಣ್ಣುಮುಚ್ಚಿಕೊಂಡೇ ಓಡುತ್ತದೆ.

ಬಂದವರು ಅಪ್ಪಿ ಪೂಜಾರ್ತಿ, ಅವರ ಅಣ್ಣ,
ಅಣ್ಣ ಕರೆತಂದ ಇಬ್ಬರು ಸಾಕ್ಷಿಗಳು.
ಕಲ್ಯಾಣಪುರದ ಹೊಳೆಬದಿಯ ಮೂವತ್ತೆರಡು ಸೆಂಟ್ಸು,
ಹತ್ತು ತೆಂಗು, ಒಂದು ಬಾವಿ. ಹಕ್ಕು ಬಿಡುಗಡೆ ಪತ್ರ.
ಹೆಬ್ಬೆಟ್ಟು ಶಾಯಿಗೆ ಮುಟ್ಟಿಯಾಗಿತ್ತು,
ಕಾಗದಕ್ಕೆ ಇನ್ನೊಂದು ಗೇಣು.
ಆಗ ಅಪ್ಪಿ, ಬಸ್ಸಿನ ಹೊತ್ತು ವಿಚಾರಿಸುವ ಹಾಗೆ,
ತುಳುವಿನಲ್ಲಿ ಕೇಳಿದರು:
ಇದರಲ್ಲಿ ಎಂತ ಬರೆದದ್ದು?

‘ಕಂದಾಯದ್ದು’ ಎಂದ ಅಣ್ಣ.
ಸಾಕ್ಷಿಗಳು ನೆಲ ನೋಡಿದರು. ನಾನೂ.
ಆ ನೆಲ ನನಗೆ ಚೆನ್ನಾಗಿ ಗೊತ್ತು:
ಬೀಡಿ ತುಂಡು, ಗೋಂದು ಒಣಗಿದ ಕಲೆ, ಕೆಂಪಿರುವೆಯ ಸಾಲು.

ಶೇರಿಗಾರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿದರು.
ಕೈ ಎಲ್ಲೋ ಬಿಸಿನೀರಿನ ಲೋಟ ಹುಡುಕಿತು.
‘ಅಪ್ಪಿಯಕ್ಕ, ಅರ್ಥ ಹೇಳುತ್ತೇನೆ.’

ರಾತ್ರಿಯ ಸ್ವರ ಎಲ್ಲಿಗೆ ಹೋಗಿತ್ತೋ.
ಸೇರಿನಲ್ಲಿ ಅಕ್ಕಿ ಅಳೆದು ಸುರಿಯುವ ಹಾಗೆ ಹೇಳಿದರು:
‘ಬಾವಿ ಇನ್ನು ನಿಮ್ಮದಲ್ಲ. ತೆಂಗು ನಿಮ್ಮದಲ್ಲ.
ನಾಳೆ ನಿಮ್ಮ ಮಗಳು ಬಂದು ಕೇಳಿದರೂ ಅಷ್ಟೇ.
ನಿಮಗೆ ಹಣ ಮುಟ್ಟಿದೆ ಅಂತ ಇದರಲ್ಲುಂಟು.
ಮುಟ್ಟಿದೆಯಾ?’

ಅಪ್ಪಿ ಅಣ್ಣನ ಮುಖ ನೋಡಲಿಲ್ಲ.
ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿದರು, ಎರಡು ಸಲ,
ಚಪ್ಪಲಿ ಹುಡುಕಿ ಮೆಟ್ಟಿಕೊಂಡರು.

ಅಣ್ಣ ಹೇಳಿದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ.
ಆ ತಿಂಗಳು ನಮ್ಮ ಮೇಜಿಗೆ ಗಿರಾಕಿ ಕಡಿಮೆ;
ಊರಿನಲ್ಲಿ ಅಣ್ಣಂದಿರು ಬಹಳ.
ಗೋಳಿಬಜೆ ತಿನ್ನುವಾಗ ಕೇಳಿದೆ:
ರಾತ್ರಿ ಅಷ್ಟು ಗೆದ್ದು, ಬೆಳಿಗ್ಗೆ ಇದೆಂತದು ಮಾರಾಯ್ರೆ?
‘ಗೆದ್ದದ್ದಕ್ಕೇ ನಿದ್ದೆ ಬರಲಿಲ್ಲ’ ಎಂದರು.
‘ಅವಳು ಕೇಳಿದ್ದು ಹಾಗೇ ಬಾಕಿ ಉಂಟಲ್ಲ.’

ಈಗ ‘ಸ್ವಂತ ಖುಷಿಯಿಂದ’ ಎಂದು ಕುಟ್ಟುವಾಗ
ಒಮ್ಮೊಮ್ಮೆ ಬೆರಳು ನಿಲ್ಲುತ್ತದೆ,
ತಲೆಯೆತ್ತಿ ಎದುರಿನವರ ಮುಖ ನೋಡುತ್ತೇನೆ.
ಎಲ್ಲ ದಿನವೂ ಅಲ್ಲ.

ಮುಂದಿನ ಶನಿವಾರ ಹೆಜಮಾಡಿಯಲ್ಲಿ
ಅದೇ ಪ್ರಸಂಗ, ಅದೇ ಪಾತ್ರ.
ಹೆಣ್ಣು ಪ್ರಶ್ನೆ ಕೇಳಿದಳು. ಮದ್ದಳೆ ನಿಂತಿತು.
ಶೇರಿಗಾರರು ಅನ್ನದ ಋಣದವರೆಗೆ ಬಂದು
ನೀರು ಕುಡಿದರು,
ಆಮೇಲೆ ಮಾತು ಮುಂದೆ ಹೋಗಲಿಲ್ಲ.
ವಯಸ್ಸಾಯಿತು ಪಾಪ, ಎಂದರು ಜನ.