ಬಿಲ್ಲೆ

ಇಪ್ಪತ್ತಾರು ವರ್ಷ ನಾನು ಬರೆದದ್ದೆಲ್ಲ
ಮೇಲಿಂದ ಕೆಳಕ್ಕೆ ಓಡಿತು.
ಒಂದನೇ ಸಾಲು ಮುಗಿಯದೆ ಎರಡನೆಯದು
ಉಸಿರೆತ್ತುತ್ತಿರಲಿಲ್ಲ.
ಲಾರಿ ಬಂತೇ, ತೂಕ ಹಾಕು.
ತೂಕ ಆಯಿತೇ, ಚೀಲ ಎಣಿಸು, ಕೋಣೆ ನಂಬರು ಕೇಳು,
ಬಾಡಿಗೆ ಕಟ್ಟು, ರಸೀದಿ ಹೊಡಿ,
ಮತ್ತೆ ಮೇಲಕ್ಕೆ ಹೋಗು.
ಹಾಸನದ ಬೇಲೂರು ರಸ್ತೆಯ ಈ ಕೋಲ್ಡ್ ಸ್ಟೋರೇಜಿನಲ್ಲಿ
ಜಲಂಧರದಿಂದ ಬಂದ ಬಿತ್ತನೆ ಆಲೂಗಡ್ಡೆ
ನನ್ನ ನೀಲಿ ಪರದೆ ಹೇಳಿದ ಕಡೆ ಮಲಗಿ
ಅದು ಬಿಟ್ಟ ದಿನ ಎದ್ದು
ದುದ್ದದ ಹೊಲಕ್ಕೆ ಹೋಗುತ್ತಿತ್ತು.

ಈಗ ಮಾಲೀಕರ ಹುಕುಂ:
ರೈತ ತನ್ನ ಫೋನಿನಲ್ಲೇ ಚೀಲ ನೋಡಬೇಕು.
‘ಕಲೀರಿ ಪದ್ಮಲತಾ, ನಿಮಗೇನು ಹೊಸದೇ?’

ಕಲಿಸಲು ಬಂದವಳು ಪೆನ್ಷನ್ ಮೊಹಲ್ಲಾದ ತಸ್ನೀಮ್,
ನನ್ನ ಮೊದಲ ಪ್ರೋಗ್ರಾಮಿಗಿಂತ
ಮೂರು ವರ್ಷ ಚಿಕ್ಕವಳು.
ಇದು ಶುರು ಎಲ್ಲಿ? ಎಂದೆ.
ಯಾರು ಎಲ್ಲಿ ಒತ್ತುತ್ತಾರೋ ಅಲ್ಲಿ.
ಮುಗಿಯುವುದು?
ಪೆನ್ನಿನ ಕ್ಯಾಪು ಕಚ್ಚಿ ಯೋಚಿಸಿದಳು:
ಮುಗಿಯಲ್ಲ ಮೇಡಂ. ಕಾಯ್ತಾ ಇರುತ್ತೆ.

ಕಾಯುವುದು!
ನನ್ನ ಪ್ರೋಗ್ರಾಮು ಯಾರಿಗೂ ಕಾದದ್ದಿಲ್ಲ, ಜನ ಕಾದರು.
ಮೇ ತಿಂಗಳ ಬಿಸಿಲಿಗೆ ತಲೆಗೆ ಟವೆಲು ಸುತ್ತಿ
ನಾನು ಕೇಳಿದ ಕ್ರಮದಲ್ಲೇ ಉತ್ತರ ಕೊಟ್ಟರು:
ಮೊದಲು ಹೆಸರು, ಆಮೇಲೆ ಊರು.
ಊರು ಮೊದಲು ಹೇಳಿದವರನ್ನು
ಗದರಿದ್ದೂ ಉಂಟು.

ಮೂರನೇ ವಾರ ಜಗಳವೇ ಆಯಿತು.
ಹೆಸರು, ಪಾಸ್‌ವರ್ಡು ಕೊಟ್ಟು ಒಳಗೆ ಬಂದೆ.
ಪಕ್ಕದ ಪುಟಕ್ಕೆ ಕಾಲಿಟ್ಟರೆ ಸರ್ವರ್ ಕೇಳುತ್ತದೆ:
ನೀವು ಯಾರು?
ಈಗಷ್ಟೇ ಹೇಳಿದೆನಲ್ಲ!
ನನ್ನ ಕಾಲದಲ್ಲಿ ವೇರಿಯೇಬಲ್ಲಿನ ಕೈಗೆ ಒಂದು ಅಂಕಿ ಕೊಟ್ಟರೆ
ಕರೆಂಟು ಹೋಗುವ ತನಕ
ಮುಷ್ಟಿ ಬಿಚ್ಚದೆ ಕೂತಿರುತ್ತಿತ್ತು.
ಇದಕ್ಕೇನು, ಮರೆವಿನ ಕಾಯಿಲೆಯೇ?

ಅದಕ್ಕೆ ನೆನಪೇ ಇಲ್ಲ ಮೇಡಂ.
ಒಂದು ಪ್ರಶ್ನೆ, ಒಂದು ಉತ್ತರ, ಬಾಗಿಲು ಹಾಕ್ಕೊಳ್ಳುತ್ತೆ.
ಸಾವಿರ ಜನ ಬಂದ್ರೆ
ಎಲ್ಲರ ಮುಖ ಎಲ್ಲಿ ಇಟ್ಕೊಳ್ಳುತ್ತೆ ಪಾಪ?

ಆ ‘ಪಾಪ’ಕ್ಕೆ ನನಗೆ ಇನ್ನೂ ಸಿಟ್ಟು ಬಂತು.
ಕಿಟಕಿಯಾಚೆ ನೋಡುತ್ತ ಕೂತೆ.

ಗೇಟಿನಲ್ಲಿ ಜವರಪ್ಪ.
ಒಂದು ಸುಗ್ಗಿಯಲ್ಲಿ ಸ್ವಂತ ಷಡ್ಡಕನನ್ನೇ
ಅಡ್ಡಗಟ್ಟಿದ ಆಸಾಮಿ:
ಬಿಲ್ಲೆ ಎಲ್ಲಿ?
ಲೋ, ನೆನ್ನೆ ರಾತ್ರಿ ನಿಮ್ಮನೇಲೇ ಉಂಡ್ನಲ್ಲೋ!
ಊಟ ನೆನ್ನೇದು. ಬಿಲ್ಲೆ ತೋರ್ಸು.
ಹಿತ್ತಾಳೆ ಬಿಲ್ಲೆ, ಅಂಚು ಸವೆದ ಮುನ್ನೂರ ಹನ್ನೆರಡು.
ಅದನ್ನು ನೋಡಿ, ಪುಸ್ತಕ ತಿರುವಿ, ಒಳಗೆ ಬಿಟ್ಟ.
ನೆನಪು ಜವರಪ್ಪನ ತಲೆಯಲ್ಲಿರಲಿಲ್ಲ,
ಬಂದವನ ಜೇಬಿನಲ್ಲಿತ್ತು.

ತಿರುಗಿ ಕೇಳಿದೆ:
ಒಳಗೆ ಬಂದವರ ಕೈಗೆ ಬಿಲ್ಲೆ ಕೊಟ್ಟು ಕಳಿಸಬಹುದಾ?
ತಸ್ನೀಮ್ ಕುರ್ಚಿಯಿಂದ ಎದ್ದೇಬಿಟ್ಟಳು.
ಅದಕ್ಕೆ ಬಿಸ್ಕತ್ತಿನ ಹೆಸರಿಟ್ಟಿದ್ದಾರಂತೆ ದೊಡ್ಡವರು.
ಇಟ್ಟುಕೊಳ್ಳಲಿ. ನನ್ನ ಕೋಡಿನಲ್ಲಿ ಅದು ಬಿಲ್ಲೆ.

ಆಮೇಲೂ ಏನೂ ಸಲೀಸಾಗಲಿಲ್ಲ.
ಬಟನ್ನು ಎರಡು ಸಲ ಒತ್ತಿದ ಒಬ್ಬ ಪುಣ್ಯಾತ್ಮನಿಗೆ
ಹತ್ತು ಚೀಲ ಇಪ್ಪತ್ತಾಗಿ ಹುಟ್ಟಿದವು.
ರಾತ್ರಿ ಎಂಟರ ತನಕ ಕೂತು ಹತ್ತನ್ನು ಅಳಿಸಿದೆ.
ಮೇಲಿಂದ ಕೆಳಕ್ಕೆ ಓದುವ ಕಣ್ಣು
ಈಗಲೂ ಪುಟದ ತುದಿಯಲ್ಲಿ
ಮುಕ್ತಾಯದ ಸಾಲು ಹುಡುಕುತ್ತದೆ.

ಇವತ್ತು ಶಾಂತಿಗ್ರಾಮದ ಪುಟ್ಟನಂಜಮ್ಮ
ಮೊಮ್ಮಗಳ ಫೋನು ಹಿಡಿದು ಬಂದರು.
ಮೊದಲು ಊರು ತುಂಬಿಸಿದರು.
ಆಮೇಲೆ ಚೀಲ. ಆಮೇಲೆ ಮತ್ತೆ ಊರಿಗೇ ಹೋಗಿ
ಒಂದು ಕೊಂಬು ತಿದ್ದಿದರು.
ಹೆಸರಿನ ಜಾಗ ಖಾಲಿ ಬಿಟ್ಟು,
ಬತ್ತೀನಿ ತಡಿಯವ್ವ, ಎಂದು
ಟೀ ಕುಡಿಯಲು ಎದ್ದು ಹೋದರು.

ಬಾಯಿ ತುದಿಗೆ ಗದರಿಕೆ ಬಂದಿತ್ತು.
ಪುಟದ ಕಡೆ ನೋಡಿದೆ.
ಖಾಲಿ ಚೌಕದಲ್ಲಿ ಸಣ್ಣ ಗೆರೆಯೊಂದು
ಮಿಣುಕುತ್ತ, ಮಿಣುಕುತ್ತ,
ಸುಮ್ಮನೆ ಕೂತಿತ್ತು.